ಸಿಂಹಾಸನವನ್ನೇರಿ ಇಳಿದ ಯತಿ: ಶ್ರೀ ವ್ಯಾಸರಾಯರ ಜೀವನ

ದೈವೇಚ್ಛೆಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗದೆಂಬ ನಂಬಿಕೆ ನಮ್ಮ ನಾಡಿನ ಮನೆಮನೆಯಲ್ಲಿಯೂ ಬೇರೂರಿದೆ. ಉಡುಪಿ, ಕುಂದಾಪುರ, ಮಂಗಳೂರು ಸೀಮೆಗಳಿಂದ ಉದರಂಭರಣಕ್ಕಾಗಿ ಈ ಮಹಾನಗರಕ್ಕೆ ಬಂದು, ಪುರಸೈವಾಕ್ಕಂ, ಕೀಳ್ಪಾಕಂ, ಎಗ್ಮೋರ್ ಮುಂತಾದೆಡೆಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಬಾಂಧವರು ಊರಿನಿಂದ ತಂದ ಗಂಟಿನೊಡನೆ ಈ ನಂಬಿಕೆಯನ್ನೂ ತಂದವರು. ನಂಬಿಕೆ ದೊಡ್ಡದು. ಆದರೆ ಅದು ಬಳಕೆಯಲ್ಲಿ ಎರಡು ವಿಧವಾಗಿ ಕೆಡುವುದನ್ನು ನಾವು ನೋಡುತ್ತೇವೆ. ಬಡವನ ಬಾಯಲ್ಲಿ ಅದು ಹಣೆಬರಹದ ನಿಟ್ಟುಸಿರಾಗುತ್ತದೆ. ಬರೆದದ್ದು ತಪ್ಪದೆಂದಮೇಲೆ ಓದಿ ಫಲವೇನು, ದುಡಿದು ಫಲವೇನು ಎಂದು ಅವನು ಕೈಕಟ್ಟಿ ಕುಳಿತುಬಿಡುತ್ತಾನೆ. ಬಲವಂತನ ಬಾಯಲ್ಲಿ ಅದೇ ನಂಬಿಕೆ ಗರ್ವವಾಗುತ್ತದೆ. ತನ್ನ ಗೆಲುವೆಲ್ಲ ದೇವರ ಪಕ್ಷಪಾತವೆಂದೂ, ತನ್ನ ಶತ್ರುವೆಲ್ಲ ದೇವರ ಶತ್ರುವೆಂದೂ ಅವನು ಬಗೆಯುತ್ತಾನೆ. ರಾಜ್ಯಗಳೂ ಇದೇ ಗರ್ವದಿಂದ ಬೀಗಿವೆ, ಬಿದ್ದಿವೆ.

ಈ ಎರಡು ಕೇಡುಗಳಿಗೂ ಉತ್ತರವಾಗುವಂತೆ ಬಾಳಿದ ಮಹಾಪುರುಷರೊಬ್ಬರು ನಮ್ಮವರಲ್ಲಿದ್ದಾರೆ. ಅವರೇ ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಬೆಳಗಿದ ಶ್ರೀ ವ್ಯಾಸತೀರ್ಥರು. ವ್ಯಾಸರಾಯರು, ವ್ಯಾಸರಾಜರು ಎಂದು ಜನ ಅವರನ್ನು ಕರೆಯುತ್ತದೆ. ಸರ್ವವೂ ಶ್ರೀಹರಿಯ ಅಧೀನವೆಂದು ಅವರಷ್ಟು ದೃಢವಾಗಿ ವಾದಿಸಿದವರು ವಿರಳ. ಅವರಷ್ಟು ಬಿಡುವಿಲ್ಲದೆ ಕೆಲಸ ಮಾಡಿದವರೂ ವಿರಳ. ಈ ಎರಡೂ ಒಬ್ಬರಲ್ಲಿಯೇ ಹೇಗೆ ಕೂಡಿದುವೆಂಬುದನ್ನು ತಿಳಿಯುವುದಕ್ಕಾಗಿ ಅವರ ಜೀವನವನ್ನು ನಾವು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಬಾಲ್ಯ ಮತ್ತು ಬರಗಾಲ

ಮೈಸೂರು ಸೀಮೆಯಲ್ಲಿ ಕಾವೇರಿಗೆ ಸಮೀಪವಾದ ಬನ್ನೂರು ಅವರ ಜನ್ಮಸ್ಥಳ. ಜನನವು ಸುಮಾರು 1460ರಲ್ಲಿ ಆಯಿತೆಂದು ಅನೇಕ ವಿದ್ವಾಂಸರ ಗಣನೆ. ಯತಿರಾಜನೆಂಬುದು ಬಾಲ್ಯದ ಹೆಸರು. ಚನ್ನಪಟ್ಟಣದ ಹತ್ತಿರದ ಅಬ್ಬೂರಿನಲ್ಲಿ ಮಠಾಧಿಪತಿಗಳಾಗಿದ್ದ ಶ್ರೀ ಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಹುಟ್ಟಿದ ಮಗುವೆಂದು ತಂದೆತಾಯಿಗಳು ಅದನ್ನು ಅವರಿಗೇ ಒಪ್ಪಿಸಿದರೆಂದು ಸಂಪ್ರದಾಯ ಹೇಳುತ್ತದೆ. ಬಾಲಕನಿಗೆ ಎಳೆಯ ವಯಸ್ಸಿನಲ್ಲಿಯೇ ಸಂನ್ಯಾಸಾಶ್ರಮ ದೊರೆಯಿತು. ವ್ಯಾಸತೀರ್ಥರೆಂಬ ನಾಮ ಬಂದಿತು.

ಆಶ್ರಮ ಸ್ವೀಕರಿಸಿ ಬಹುಕಾಲವಾಗಿರಲಿಲ್ಲ. 1475-76ರ ಸುಮಾರಿಗೆ ನಾಡಿಗೆ ಭೀಕರವಾದ ಕ್ಷಾಮ ಬಂದೊದಗಿತು. ಆ ಕಷ್ಟಕಾಲದಲ್ಲಿಯೇ ಗುರುಗಳು ವೃಂದಾವನಸ್ಥರಾದರು. ಮೀಸೆ ಮೂಡುವ ವಯಸ್ಸಿನಲ್ಲಿ ಮಠದ ಭಾರವೂ ಬರಗಾಲದ ದುಃಖವೂ ಒಟ್ಟಿಗೆ ತಲೆಯ ಮೇಲೆ ಬಿದ್ದುವು. ಈ ಸ್ಥಿತಿಯಲ್ಲಿ ಅವರು ಆರಿಸಿಕೊಂಡ ದಾರಿ ವಿದ್ಯೆಯ ದಾರಿ. ಕಾಂಚೀಪುರಕ್ಕೆ ಹೋಗಿ ತರ್ಕ, ವೇದಾಂತ ಮುಂತಾದ ಶಾಸ್ತ್ರಗಳನ್ನು ಕೆಲವು ವರ್ಷಗಳ ಕಾಲ ವ್ಯಾಸಂಗ ಮಾಡಿದರು. ತಾವು ಮುಂದೆ ಯಾರ ಮತಗಳನ್ನು ಖಂಡಿಸಲಿದ್ದರೋ ಆ ಮತಗಳ ಗ್ರಂಥಗಳನ್ನೂ ಅಲ್ಲಿ ಆಮೂಲಾಗ್ರವಾಗಿ ಓದಿಕೊಂಡರು. ನಮ್ಮ ಪುರಸೈವಾಕ್ಕಮಿನ ದಕ್ಷಿಣಕ್ಕೆ ಹಾದುಹೋಗುವ ಪೂನಮಲ್ಲಿ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಸಿಕ್ಕುವುದು ಅದೇ ಕಂಚಿ. ಅಲ್ಲಿ ಪರಭಾಷೆಯ ನಡುವೆ ಕುಳಿತು ಓದಿದ ಕನ್ನಡದ ತರುಣನನ್ನು ಇಲ್ಲಿಯ ಕನ್ನಡಿಗರು ಸುಲಭವಾಗಿ ಊಹಿಸಿಕೊಳ್ಳಬಲ್ಲರು.

ಕಂಚಿಯಿಂದ ಅವರು ಮುಳಬಾಗಿಲಿಗೆ ಬಂದರು. ಅಲ್ಲಿ ಶ್ರೀಪಾದರಾಜರ ಬಳಿ ಶಾಸ್ತ್ರವನ್ನು ಮುಂದುವರಿಸಿದರು. ಶ್ರೀಪಾದರಾಜರು ಸಂಸ್ಕೃತ ಪಂಡಿತರಾಗಿದ್ದೂ ಕನ್ನಡದಲ್ಲಿ ಹಾಡು ಕಟ್ಟಿ, ದಾಸಸಾಹಿತ್ಯಕ್ಕೆ ದಾರಿ ತೆರೆದ ಮಹನೀಯರು. ತರ್ಕದ ಕಾಠಿಣ್ಯವನ್ನು ಕಂಚಿಯಲ್ಲಿ ಕಲಿತವರು ಭಕ್ತಿಯ ಮಾರ್ದವವನ್ನು ಮುಳಬಾಗಿಲಿನಲ್ಲಿ ಕಲಿತರೆಂದರೆ ತಪ್ಪಾಗದು. ಮುಂದೆ ಅವರೂ ಸಿರಿಕೃಷ್ಣನ ಅಂಕಿತದಿಂದ ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದರು.

ಬದಲಾಗುತ್ತಿದ್ದ ಸಿಂಹಾಸನ

ಶ್ರೀಪಾದರಾಜರ ಸಲಹೆಯಂತೆ ವ್ಯಾಸತೀರ್ಥರು ಚಂದ್ರಗಿರಿಗೆ ಹೋದರು. ಅಲ್ಲಿ ಸಾಳುವ ನರಸಿಂಹನು ಅವರನ್ನು ಗೌರವದಿಂದ ಬರಮಾಡಿಕೊಂಡನು. ಈ ನರಸಿಂಹನೇ 1485ರಲ್ಲಿ ಸಂಗಮ ವಂಶವನ್ನು ತಳ್ಳಿ ವಿಜಯನಗರದ ಪಟ್ಟವನ್ನೇರಿದವನು. 1336ರಿಂದ ಆಳುತ್ತ ಬಂದ ವಂಶವೊಂದು ಹೀಗೆ ಅಸ್ತವಾಯಿತು. ಸಾಳುವ ನರಸಿಂಹನು 1491ರಲ್ಲಿ ತೀರಿಕೊಂಡನು. ಅವನ ಮಕ್ಕಳು ಹೆಸರಿಗೆ ಅರಸರಾದರು. ಅಧಿಕಾರವೆಲ್ಲ ದಳಪತಿ ನರಸನಾಯಕನ ಕೈಯಲ್ಲಿತ್ತು. 1505ರಲ್ಲಿ ನರಸನಾಯಕನ ಮಗ ವೀರನರಸಿಂಹನು ತಾನೇ ಪಟ್ಟವನ್ನೇರಲು ತುಳುವ ವಂಶ ಆರಂಭವಾಯಿತು. 1509ರಲ್ಲಿ ಅವನ ತಮ್ಮ ಕೃಷ್ಣದೇವರಾಯನು, 1529ರಲ್ಲಿ ಅಚ್ಯುತರಾಯನು ಅರಸರಾದರು.

ಇಷ್ಟನ್ನೂ ವ್ಯಾಸರಾಯರು ತಮ್ಮ ಒಂದೇ ಜೀವಮಾನದಲ್ಲಿ ಕಂಡರು. ಸಂಗಮ, ಸಾಳುವ, ತುಳುವ ಎಂಬ ಮೂರು ವಂಶಗಳು ಅವರ ಕಣ್ಣಮುಂದೆ ಒಂದರ ಹಿಂದೊಂದು ಬಂದುವು. ರಾಜ್ಯವು ಶಾಶ್ವತವಲ್ಲವೆಂಬ ವೇದಾಂತವನ್ನು ಅವರು ಓಲೆಗರಿಯಿಂದ ಮಾತ್ರ ಕಲಿತವರಲ್ಲ. ನಿನ್ನೆ ಚಾಮರ ಬೀಸಿಸಿಕೊಂಡವನ ಮಗನು ಇಂದು ಹೆಸರಿಲ್ಲದವನಾಗುವುದನ್ನು ಹತ್ತಿರದಿಂದ ನೋಡಿದವರು.

ಈ ಮಧ್ಯೆ ತಿರುಮಲೆಯಲ್ಲಿ ಹನ್ನೆರಡು ವರ್ಷಗಳ ಕಾಲ ಶ್ರೀನಿವಾಸನ ಸೇವೆ ಮಾಡಿದರೆಂದು ಸಂಪ್ರದಾಯವುಂಟು. ತಿರುಮಲೆಯೊಡನೆ ಅವರಿಗಿದ್ದ ನಂಟಿಗೆ ಕಲ್ಲಿನ ಸಾಕ್ಷಿಯೂ ಇದೆ. 1524ರ ಶಾಸನದಲ್ಲಿ ಅಲ್ಲಿ ಅವರ ಮಠಗಳಿಗೆ ದೊರೆತ ನಿವೇಶನಗಳೂ, ದೇವರ ನೈವೇದ್ಯಕ್ಕಾಗಿ ಅವರು ಮಾಡಿದ ಏರ್ಪಾಡೂ ಉಕ್ತವಾಗಿವೆ. ಅನ್ನವನ್ನು ಬೇಯಿಸಿ ಬಡಿಸುವ ಕಾಯಕದಲ್ಲಿರುವ ನಮ್ಮ ಓದುಗರಿಗೆ ಇದರ ಸ್ವಾರಸ್ಯ ತಿಳಿಯದಿರದು. ದೇವರು ತುಂಬಿದವನು, ಅವನಿಗೆ ಹಸಿವಿಲ್ಲ ಎಂದು ಬೋಧಿಸಿದ ಆಚಾರ್ಯರೇ ಅಕ್ಕಿ, ಬೇಳೆ, ತುಪ್ಪಗಳ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಯಿಸುವಂಥ ವ್ಯವಸ್ಥೆಯಲ್ಲಿ ಪಾಲುಗೊಂಡರು. ಆ ನೈವೇದ್ಯ ಕೊನೆಗೆ ಮನುಷ್ಯರ ಹೊಟ್ಟೆಗೇ ಸೇರತಕ್ಕದ್ದೆಂಬುದನ್ನು ಅವರು ಬಲ್ಲವರಾಗಿದ್ದರು.

ಕುಹಯೋಗದ ಕಥೆ

ಕೃಷ್ಣದೇವರಾಯನ ಕಾಲದಲ್ಲಿ ವ್ಯಾಸರಾಯರ ಕೀರ್ತಿ ಶಿಖರಕ್ಕೇರಿತು. ಸಮಕಾಲೀನನಾದ ಸೋಮನಾಥ ಕವಿ ಸಂಸ್ಕೃತದಲ್ಲಿ ಬರೆದ ವ್ಯಾಸಯೋಗಿಚರಿತವೆಂಬ ಗ್ರಂಥವು, ರಾಯನು ಅವರಿಗೆ ರತ್ನಾಭಿಷೇಕ ಮಾಡಿ ಸನ್ಮಾನಿಸಿದುದನ್ನು ವರ್ಣಿಸುತ್ತದೆ. ಆ ಆಸ್ಥಾನದಲ್ಲಿ ಶ್ರೀವೈಷ್ಣವ ಗುರುಗಳಿಗೂ ಶೈವರಿಗೂ ಮನ್ನಣೆಯಿತ್ತೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಅನೇಕ ಮತಗಳ ಪಂಡಿತರ ನಡುವೆ ವಾದದಿಂದಲೂ ನಡತೆಯಿಂದಲೂ ಅವರು ತಮ್ಮ ಸ್ಥಾನವನ್ನು ಸಂಪಾದಿಸಿಕೊಂಡರು.

ಈ ಕಾಲದ ಬಗೆಗೆ ಮನೆಮನೆಯಲ್ಲಿ ಹೇಳುವ ಕಥೆಯೊಂದುಂಟು. ರಾಯನಿಗೆ ಕುಹಯೋಗವೆಂಬ ಕೆಟ್ಟ ಗಳಿಗೆ ಒದಗಿತು. ಆ ಗಳಿಗೆಯಲ್ಲಿ ಸಿಂಹಾಸನದ ಮೇಲಿರುವವನಿಗೆ ಪ್ರಾಣಹಾನಿಯೆಂದು ಜ್ಯೋತಿಷಿಗಳು ನಿರ್ಣಯಿಸಿದರು. ಪಟ್ಟದಾನೆಯ ಸೊಂಡಿಲಿಗೆ ಮಾಲೆ ಕೊಟ್ಟು ಕಳುಹಿಸಲು ಅದು ವ್ಯಾಸತೀರ್ಥರ ಕೊರಳಿಗೆ ಮಾಲೆಯಿಕ್ಕಿತು. ಯತಿಗಳು ಸಿಂಹಾಸನವನ್ನೇರಿದರು. ಕೆಡುಕು ಸರ್ಪರೂಪದಿಂದ ಬಂದಾಗ ತಮ್ಮ ಕಾವಿಯ ವಸ್ತ್ರವನ್ನು ಅದರ ಮೇಲೆಸೆದರು. ವಸ್ತ್ರ ಉರಿದು ಬೂದಿಯಾಯಿತು. ಗಳಿಗೆ ಕಳೆದೊಡನೆ ಪೀಠದಿಂದಿಳಿದು ರಾಜ್ಯವನ್ನು ರಾಯನಿಗೇ ಒಪ್ಪಿಸಿದರು. ಅಂದಿನಿಂದ ಅವರು ವ್ಯಾಸರಾಯರಾದರು.

ಇದನ್ನು ಚರಿತ್ರೆಯೆಂದು ನಾವು ಸಾಧಿಸಹೊರಟಿಲ್ಲ. ಸಂಪ್ರದಾಯದ ಕಥೆಯೆಂದೇ ಹೇಳುತ್ತೇವೆ. ಆದರೆ ಕಥೆಯ ಒಳಗಿನ ತೂಕವನ್ನು ಗಮನಿಸಬೇಕು. ಕೆಟ್ಟ ಗಳಿಗೆಯನ್ನು ಯಾರೂ ಕರೆಯಲಿಲ್ಲ; ಅದು ತಾನಾಗಿ ಬಂದಿತು. ಅದನ್ನು ತಡೆಯುವ ಶಕ್ತಿ ಸಾಮ್ರಾಟನಿಗೂ ಇರಲಿಲ್ಲ. ಇಷ್ಟು ದೈವದ ಪಾಲು. ಆ ಗಳಿಗೆಯಲ್ಲಿ ಪೀಠದ ಮೇಲೆ ಕುಳಿತುಕೊಳ್ಳಲು ಒಪ್ಪಿದುದೂ, ಬಳಿಕ ಕೈಗೆ ಬಂದ ರಾಜ್ಯವನ್ನು ಮರಳಿ ಕೊಟ್ಟುದೂ ಮನುಷ್ಯನ ಪಾಲು. ಏರಿದುದಕ್ಕಿಂತ ಇಳಿದುದೇ ದೊಡ್ಡದೆಂದು ನಮ್ಮ ಹಿರಿಯರು ಬಗೆದುದರಿಂದಲೇ ಈ ಕಥೆ ಐದು ನೂರು ವರ್ಷ ಉಳಿದುಬಂದಿದೆ.

ಬಡಗಿಯ ದೃಷ್ಟಾಂತ

ಇನ್ನು ಅವರ ಸಿದ್ಧಾಂತದ ವಿಚಾರ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ನೆಲಸಿದ ಶ್ರೀ ಮಧ್ವಾಚಾರ್ಯರು ಇರುವುದೆಲ್ಲವನ್ನೂ ಎರಡಾಗಿ ವಿಭಾಗಿಸಿದರು. ಸ್ವತಂತ್ರವಾದುದು ಒಂದು, ಅದು ಶ್ರೀಹರಿ ಮಾತ್ರ. ಉಳಿದ ಜೀವರೂ ಜಡವೂ ಪರತಂತ್ರ. ಚಕ್ರವರ್ತಿಯೂ ಪರತಂತ್ರನೇ, ಅವನ ಕುದುರೆಗೆ ಹುಲ್ಲು ಹಾಕುವವನೂ ಪರತಂತ್ರನೇ. ವ್ಯಾಸರಾಯರು ತಮ್ಮ ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳೆಂಬ ಮೂರು ಮಹಾಗ್ರಂಥಗಳಲ್ಲಿ ಈ ಮತವನ್ನು ಸಮರ್ಥಿಸಿದರು. ನ್ಯಾಯಾಮೃತಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನು ರಚಿಸಬೇಕಾಯಿತೆಂದರೆ ಆ ವಾದದ ಬಲವೆಷ್ಟೆಂಬುದು ವಿದಿತವಾಗುತ್ತದೆ.

ಆಗ ಪ್ರಶ್ನೆಯೊಂದು ತಾನಾಗಿ ಏಳುತ್ತದೆ. ಎಲ್ಲವೂ ಹರಿಯ ಅಧೀನವಾದರೆ ನಾವು ಮಾಡುವುದೇನು? ಪುಣ್ಯಪಾಪಗಳಿಗೆ ಹೊಣೆ ಯಾರು? ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಇದರ ವಿಚಾರವಿದೆ. ಶಾಸ್ತ್ರವು ಇದನ್ನು ಮಾಡು, ಇದನ್ನು ಬಿಡು ಎಂದು ವಿಧಿಸುತ್ತದೆ. ಮಾಡತಕ್ಕವನೇ ಇಲ್ಲದಿದ್ದರೆ ಆ ವಿಧಿ ವ್ಯರ್ಥವಾಗುತ್ತದೆ. ಕಲ್ಲಿಗೆ ಯಾರೂ ಬುದ್ಧಿ ಹೇಳುವುದಿಲ್ಲ. ಆದುದರಿಂದ ಜೀವನು ನಿಜವಾಗಿಯೂ ಕರ್ತನೇ. ಆದರೆ ಆ ಕರ್ತೃತ್ವ ಅವನಿಗೆ ದೇವರಿಂದ ಬಂದದ್ದು. ಇದಕ್ಕೆ ಬಡಗಿಯ ದೃಷ್ಟಾಂತವುಂಟು. ಬಡಗಿಯು ಮನೆಯೊಡೆಯನ ಅಪ್ಪಣೆಯಂತೆ ಕೆಲಸ ಮಾಡುತ್ತಾನೆ. ಆದರೂ ಉಳಿಯನ್ನು ಹಿಡಿದು ಮರವನ್ನು ಕೆತ್ತುವವನು ಅವನೇ. ಕೆಲಸ ಚೆನ್ನಾದರೆ ಮೆಚ್ಚುಗೆ ಅವನದು, ಕೆಟ್ಟರೆ ನಿಂದೆ ಅವನದು. ಅಪ್ಪಣೆಗೊಳಗಾಗಿರುವುದೂ ಮಾಡುವವನಾಗಿರುವುದೂ ಅವನೊಬ್ಬನಲ್ಲಿಯೇ ವಿರೋಧವಿಲ್ಲದೆ ಇರುತ್ತವೆ.

ಹೋಟೆಲಿನ ಅಡಿಗೆಮನೆಯಲ್ಲಿ ನಿಂತವರಿಗೆ ಈ ದೃಷ್ಟಾಂತವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂದಿನ ತಿಂಡಿ ಯಾವುದೆಂಬುದನ್ನು ಯಜಮಾನರು ಗೊತ್ತುಮಾಡುತ್ತಾರೆ. ಅಕ್ಕಿ, ಉದ್ದು, ಉರುವಲು ಅವರವು. ಆದರೆ ಹಿಟ್ಟು ಹದವಾಗಿ ರುಬ್ಬಿಸುವುದು, ಹುಳಿ ಬಂದುದನ್ನು ಚೆಲ್ಲುವುದು ಅಥವಾ ಗುಟ್ಟಾಗಿ ಬೆರೆಸುವುದು ಭಟ್ಟರ ಕೈಯಲ್ಲಿದೆ. ಗುಮಾಸ್ತನ ಲೆಕ್ಕದ ಪುಸ್ತಕವೂ ಅಂಥದೇ. ಪುಸ್ತಕ ಯಜಮಾನರದು, ಅಂಕಿಯ ಸತ್ಯ ಗುಮಾಸ್ತನದು.

ಇನ್ನೊಂದು ಸಂದೇಹವೂ ಅಲ್ಲಿಯೇ ವಿಚಾರಿತವಾಗಿದೆ. ಕೆಲವರನ್ನು ಮೇಲೆತ್ತಿ ಕೆಲವರನ್ನು ಕೆಳಗೊತ್ತುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯನಲ್ಲವೇ? ಅಲ್ಲವೆಂದು ಸಿದ್ಧಾಂತ. ದೇವರು ಜೀವನ ಹಿಂದಿನ ಕರ್ಮವನ್ನೂ ಈಗಿನ ಪ್ರಯತ್ನವನ್ನೂ ಗಣನೆಗೆ ತೆಗೆದುಕೊಂಡೇ ನಡೆಸುತ್ತಾನೆ. ಪ್ರಯತ್ನವೂ ಆ ಲೆಕ್ಕದಲ್ಲಿ ಒಂದು ಕಲಮು.

ಮಾಧ್ವಮತವು ಇಲ್ಲಿಗೇ ನಿಲ್ಲುವುದಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಒಂದೊಂದು ಜೀವಕ್ಕೂ ಅನಾದಿಯಾದ ಸ್ವಭಾವವುಂಟು, ಜೀವರಲ್ಲಿ ತಾರತಮ್ಯವುಂಟು, ಎಲ್ಲರ ಗತಿಯೂ ಒಂದೇ ಅಲ್ಲ ಎಂದು ಅದು ಹೇಳುತ್ತದೆ. ಇದು ನುಂಗಲು ಕಷ್ಟವಾದ ಮಾತು. ಅನ್ಯಮತದವರು ಇದನ್ನು ಬಹುವಾಗಿ ಆಕ್ಷೇಪಿಸಿದ್ದಾರೆ. ಆದರೆ ಯಾವ ಜೀವನ ಸ್ವಭಾವ ಎಂಥದೆಂಬುದು ಮನುಷ್ಯನಿಗೆ ಹೊರಗಿನಿಂದ ಕಾಣತಕ್ಕದ್ದಲ್ಲ. ಹಾಗಿರಲು ಹುಟ್ಟನ್ನೋ ಕಸುಬನ್ನೋ ನೋಡಿ ಇನ್ನೊಬ್ಬನನ್ನು ಕೀಳೆಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಬರುವುದಿಲ್ಲವೆಂದು ನಮ್ಮ ಅಭಿಪ್ರಾಯ. ವ್ಯಾಸರಾಯರ ನಡತೆಯೂ ಈ ಕಡೆಗೇ ಕೈದೋರುತ್ತದೆ.

ಕನಕನೂ ಬಾಳೆಯ ಹಣ್ಣೂ

ಅವರ ಸುತ್ತ ನೆರೆದ ಶಿಷ್ಯವರ್ಗವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಕುಂಭಕೋಣದಲ್ಲಿ ಪ್ರಸಿದ್ಧರಾದ ವಿಜಯೀಂದ್ರತೀರ್ಥರು ಅವರಲ್ಲಿ ಓದಿದವರು. ಆ ವಿಜಯೀಂದ್ರರ ಶಿಷ್ಯರು ಸುಧೀಂದ್ರರು, ಸುಧೀಂದ್ರರ ಶಿಷ್ಯರೇ ಮಂತ್ರಾಲಯದ ರಾಘವೇಂದ್ರಸ್ವಾಮಿಗಳು. ಸೋದೆಯ ವಾದಿರಾಜರೂ ಅವರ ಪ್ರಭಾವಕ್ಕೆ ಒಳಗಾದವರೇ. ಲೇವಾದೇವಿಯ ಸಿರಿಯನ್ನು ತೊರೆದು ಬಂದ ಶ್ರೀನಿವಾಸನಾಯಕನು ಅವರಿಂದಲೇ ಪುರಂದರದಾಸರಾದನೆಂದು ಸಂಪ್ರದಾಯ. ಬಾಡದಿಂದ ಬಂದ ಕನಕನೂ ಅವರ ಶಿಷ್ಯನೇ. ಕುರುಬರ ಕುಲದಲ್ಲಿ ಹುಟ್ಟಿದ ಕನಕನನ್ನು ಗುರುಗಳು ಆದರಿಸುವುದನ್ನು ಕಂಡು ಮಠದ ಕೆಲವರು ಅಸಮಾಧಾನಪಟ್ಟರು.

ಆಗ ನಡೆಯಿತೆನ್ನುವ ಬಾಳೆಹಣ್ಣಿನ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಗುರುಗಳು ಶಿಷ್ಯರಿಗೆಲ್ಲ ಒಂದೊಂದು ಹಣ್ಣನ್ನಿತ್ತು, ಯಾರೂ ಕಾಣದ ಸ್ಥಳದಲ್ಲಿ ತಿಂದು ಬರುವಂತೆ ಆಜ್ಞಾಪಿಸಿದರು. ಒಬ್ಬನು ಕೋಣೆಯ ಮೂಲೆಯಲ್ಲಿ, ಒಬ್ಬನು ಮರದ ಮರೆಯಲ್ಲಿ ತಿಂದು ಬಂದರು. ಕನಕನು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದನು. ದೇವರು ಕಾಣದ ಸ್ಥಳ ಅವನಿಗೆ ಸಿಕ್ಕಲಿಲ್ಲ.

ಈ ಕಥೆಯನ್ನು ನಾವು ದೇವರ ಸರ್ವವ್ಯಾಪಿತ್ವಕ್ಕೆ ಉದಾಹರಣೆಯಾಗಿ ಕೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ದೇವರು ಎಲ್ಲರನ್ನೂ ಕಾಣುತ್ತಿದ್ದನು. ಆದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ತಿಂದವರನ್ನು ತಡೆಯಲಿಲ್ಲ, ತಿನ್ನದವನನ್ನು ಬಲಾತ್ಕರಿಸಲಿಲ್ಲ. ನಿರ್ಣಯವು ಆಯಾ ಶಿಷ್ಯನಿಗೇ ಬಿಟ್ಟಿತ್ತು. ಉಗ್ರಾಣದ ಬಾಗಿಲು ತೆರೆದಿದ್ದು, ಹೊಟ್ಟೆ ಹಸಿದಿದ್ದು, ನೋಡುವವರಾರೂ ಇಲ್ಲದ ಗಳಿಗೆ ಒಂದಲ್ಲ ಒಂದು ದಿನ ದುಡಿಯುವ ಪ್ರತಿಯೊಬ್ಬನಿಗೂ ಬರುತ್ತದೆ. ಆ ಗಳಿಗೆಯಲ್ಲಿ ಮನುಷ್ಯನು ಎಷ್ಟು ಸ್ವತಂತ್ರನೆಂಬುದು ಅವನಿಗೆ ಯಾವ ಶಾಸ್ತ್ರದ ನೆರವಿಲ್ಲದೆಯೇ ತಿಳಿಯುತ್ತದೆ.

ವ್ಯಾಸರಾಯರ ಸ್ವಂತ ದುಡಿಮೆಯೂ ಇದಕ್ಕೆ ಒಪ್ಪುವಂಥದು. ಕೃಷ್ಣದೇವರಾಯನು ಅವರಿಗೆ ಬೆಟ್ಟಕೊಂಡವೆಂಬ ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಅಲ್ಲಿಯ ವಿಶಾಲವಾದ ಕೆರೆಗೆ ವ್ಯಾಸಸಮುದ್ರವೆಂಬ ಹೆಸರು ನಿಂತಿತು. ಬರಗಾಲದಲ್ಲಿ ಗುರುಗಳನ್ನು ಕಳೆದುಕೊಂಡ ಬಾಲಯತಿಯು ಮುದುಕನಾದಾಗ ಅವನ ಹೆಸರು ಒಂದು ಕೆರೆಗೆ ಬಂದಿತೆಂಬುದನ್ನು ನಾವು ಸಾಮಾನ್ಯ ಸಂಗತಿಯೆಂದು ಎಣಿಸಲಾರೆವು. ಮಳೆ ದೇವರ ಕೈಯಲ್ಲಿದೆ. ಕಟ್ಟೆ ಮನುಷ್ಯನ ಕೈಯಲ್ಲಿದೆ. ನಾಡಿನ ಹಲವೆಡೆ ಅವರು 732 ಹನುಮಂತನ ಮೂರ್ತಿಗಳನ್ನು ಪ್ರತಿಷ್ಠಿಸಿದರೆಂದು ಹೇಳಿಕೆಯುಂಟು. ಹಂಪೆಯ ಯಂತ್ರೋದ್ಧಾರಕ ಹನುಮಂತನ ಗುಡಿ ಅವುಗಳಲ್ಲಿ ಪ್ರಖ್ಯಾತವಾದುದು. ಹನುಮಂತನಾದರೋ ಸ್ವಾಮಿಯ ಆಜ್ಞಾಧಾರಕ; ಆದರೆ ಸಮುದ್ರವನ್ನು ಹಾರಿದವನು ಅವನೇ. ಇಂಥ ದೇವತೆಯನ್ನು ಅವರು ಆರಿಸಿಕೊಂಡುದು ಉಚಿತವಾಗಿಯೇ ಇದೆ.

ಸಾಮ್ರಾಜ್ಯದ ಅಳಿವು

ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು ಅಲ್ಲಿಯ ಬಾಲಕೃಷ್ಣನ ಮೂರ್ತಿಯನ್ನು ರಾಜಧಾನಿಗೆ ತಂದನು. 1515ರಲ್ಲಿ ಭವ್ಯವಾದ ಕೃಷ್ಣದೇವಾಲಯವನ್ನು ಕಟ್ಟಿಸಿ ಅದನ್ನು ಪ್ರತಿಷ್ಠಿಸಿದನು. 1520ರಲ್ಲಿ ರಾಯಚೂರು ಅವನ ವಶವಾಯಿತು. ದೇವರು ತಮ್ಮ ಪಕ್ಷದಲ್ಲಿದ್ದಾನೆಂದು ವಿಜಯನಗರದವರು ನಂಬಿದರೆ ಅದಕ್ಕೆ ಕಾರಣಗಳಿದ್ದುವು.

ವ್ಯಾಸರಾಯರು 1539ರ ಫಾಲ್ಗುಣ ಕೃಷ್ಣ ಚತುರ್ಥಿಯಂದು ದೇಹವಿಟ್ಟರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿ ಅವರ ವೃಂದಾವನವಿದೆ. ಚಂದ್ರಿಕೆಯನ್ನು ಅವರು ಪೂರ್ತಿಗೊಳಿಸಿರಲಿಲ್ಲ. ಮೊದಲೆರಡು ಅಧ್ಯಾಯಗಳಿಗೆ ನಿಂತುಹೋದ ಆ ಗ್ರಂಥವನ್ನು ಅವರ ಪರಂಪರೆಯಲ್ಲಿ ಮುಂದೆ ಬಂದ ರಘುನಾಥತೀರ್ಥರು ಮುಗಿಸಿದರು.

ಆಮೇಲೆ ಇಪ್ಪತ್ತಾರೇ ವರ್ಷ. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧವೆಂದು ನಾವು ಕರೆಯುವ ರಕ್ಕಸತಂಗಡಿಯ ಕದನದಲ್ಲಿ ವೃದ್ಧನಾದ ರಾಮರಾಯನು ಹತನಾದನು. ದಖ್ಖನಿನ ಸುಲ್ತಾನರ ಸೇನೆಗಳು ರಾಜಧಾನಿಯನ್ನು ಹಾಳುಮಾಡಿದುವು. ಬಾಲಕೃಷ್ಣನ ಗುಡಿಯೂ ಪಾಳುಬಿದ್ದಿತು. ಹಾಗಾದರೆ ದೇವರು ಪಕ್ಷ ಬದಲಿಸಿದನೇ? ವ್ಯಾಸರಾಯರ ಮತವನ್ನು ನಿಜವಾಗಿ ಅರಿತವನು ಹಾಗೆ ಕೇಳಲಾರನು. ಸರ್ವಸ್ವತಂತ್ರನಾದ ಹರಿಯು ವಿಜಯನಗರದ ಸೊತ್ತಾಗಿರಲಿಲ್ಲ. ವಿಜಯನಗರವೇ ಅವನ ಸೊತ್ತಾಗಿತ್ತು. ಬಿಜಾಪುರವೂ ಅವನದೇ, ಗೋಲ್ಕೊಂಡವೂ ಅವನದೇ. ಗೆದ್ದ ಆ ಸುಲ್ತಾನರ ರಾಜ್ಯಗಳೂ ಒಂದು ಒಂದೂಕಾಲು ಶತಮಾನದೊಳಗಾಗಿ ಮೊಗಲರ ಪಾಲಾದುವು.

ಹಾಗೆಂದು ಸಾಮ್ರಾಜ್ಯದ ಪತನವನ್ನು ದೈವಸಂಕಲ್ಪವೆಂದು ಹೇಳಿ ಮುಗಿಸಿಬಿಡುವಂತೆಯೂ ಇಲ್ಲ. ರಾಮರಾಯನು ಬಹುವರ್ಷಗಳ ಕಾಲ ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನು ಎತ್ತಿಕಟ್ಟುತ್ತ, ಎಲ್ಲರನ್ನೂ ಅಳುಕಿಸುತ್ತ ಬಂದನು. ಪರಸ್ಪರ ವೈರಿಗಳಾಗಿದ್ದವರು ಕೊನೆಗೆ ಒಂದಾದುದಕ್ಕೆ ಆ ನೀತಿಯೂ ಕಾರಣ. ಅದು ಅವನೇ ಆರಿಸಿಕೊಂಡ ದಾರಿ. ಮಾಲಿಕನು ದೇವರಾದರೂ ಉಳಿ ಬಡಗಿಯ ಕೈಯಲ್ಲಿತ್ತು.

ನಮ್ಮ ಊರಿಗೂ ಬಂದ ಅಲೆ

ಈ ಅಳಿವಿನ ಅಲೆಯು ನಾವು ವಾಸವಾಗಿರುವ ಈ ಪಟ್ಟಣದವರೆಗೂ ಬಂದಿತೆಂಬುದು ಅನೇಕರಿಗೆ ತಿಳಿದಿರಲಾರದು. ಸೋತ ಅರಸು ಮನೆತನ ಪೆನುಕೊಂಡೆಗೂ ಬಳಿಕ ಚಂದ್ರಗಿರಿಗೂ ಸರಿಯಿತು. ಯಾವ ಚಂದ್ರಗಿರಿಯಲ್ಲಿ ತರುಣ ವ್ಯಾಸತೀರ್ಥರು ಮನ್ನಣೆ ಪಡೆದರೋ ಅದೇ ಚಂದ್ರಗಿರಿಯ ಅರಸರ ಅಧೀನದಲ್ಲಿದ್ದ ದಾಮರ್ಲ ವೆಂಕಟಾದ್ರಿ ನಾಯಕನು 1639ರಲ್ಲಿ ಕಡಲತಡಿಯ ಮರಳಿನ ಪಟ್ಟಿಯೊಂದನ್ನು ಆಂಗ್ಲರ ಈಸ್ಟ್ ಇಂಡಿಯಾ ಕುಂಪಣಿಗೆ ಕೊಟ್ಟನು. ಅಲ್ಲಿ ಸೇಂಟ್ ಜಾರ್ಜ್ ಕೋಟೆ ಎದ್ದಿತು, ಮದರಾಸು ಬೆಳೆಯಿತು. 1693ರಲ್ಲಿ, ಈ ಸೀಮೆ ಮೊಗಲರ ಕೈಗೆ ಬಂದಿದ್ದಾಗ, ಎಗ್ಮೋರ್ ಮತ್ತು ತಂಡಿಯಾರ್‌ಪೇಟೆಗಳೊಡನೆ ಪುರಸೈವಾಕ್ಕಂ ಗ್ರಾಮವೂ ಕುಂಪಣಿಗೆ ಸೇರಿತು. ಆ ಕುಂಪಣಿಯೂ ಹೋಯಿತು. ಅದರ ಹಿಂದೆ ಬಂದ ಆಂಗ್ಲ ಪ್ರಭುತ್ವವೂ 1947ರಲ್ಲಿ ಹೋಯಿತು. ಪುರಸೈವಾಕ್ಕಂ ಉಳಿದಿದೆ. ಗಂಗಾಧರೇಶ್ವರನ ಗುಡಿಯಲ್ಲಿ ಗಂಟೆ ಬಾರಿಸುತ್ತಿದೆ; ಹೋಟೆಲುಗಳ ಒಲೆ ನಸುಕಿನಲ್ಲಿಯೇ ಉರಿಯುತ್ತಿದೆ.

ಹಂಪೆಯ ಆ ಬಾಲಕೃಷ್ಣನೂ ಇಂದು ಎಗ್ಮೋರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಪುರಸೈವಾಕ್ಕಮಿನಿಂದ ಅದು ದೂರವೇನೂ ಅಲ್ಲ. ವಾರದ ರಜೆಯಂದು ಒಮ್ಮೆ ಹೋಗಿ ನೋಡಬಹುದು. ಚಕ್ರವರ್ತಿಯು ಗೆದ್ದು ತಂದು ನಿಲ್ಲಿಸಿದ ಮೂರ್ತಿಯ ಮುಂದೆ ಇಂದು ಚಾಮರವಿಲ್ಲ, ನೈವೇದ್ಯವಿಲ್ಲ. ಗೆಲುವನ್ನು ದೇವರ ಸಾಕ್ಷಿಪತ್ರವೆಂದು ತಿಳಿದವರಿಗೆ ಅದಕ್ಕಿಂತ ಸ್ಪಷ್ಟವಾದ ಪಾಠ ಬೇರೆ ದೊರೆಯದು.

ವೃಂದಾವನಕ್ಕೆ ಬಂದ ವಿಪತ್ತು

ವ್ಯಾಸರಾಯರ ವೃಂದಾವನಕ್ಕೂ ನಮ್ಮ ಕಾಲದಲ್ಲಿಯೇ ವಿಪತ್ತು ಬಂದಿತು. 2019ರ ಜುಲೈ ತಿಂಗಳಿನಲ್ಲಿ ಒಂದು ರಾತ್ರಿ, ಒಳಗೆ ನಿಧಿಯಿರುವುದೆಂಬ ದುರಾಶೆಯಿಂದ ಕೆಲವರು ದುಷ್ಕರ್ಮಿಗಳು ಅದನ್ನು ಕೆಡವಿ ಅಗೆದರು. ಸುದ್ದಿ ತಿಳಿದೊಡನೆ ಬೇರೆ ಬೇರೆ ಮಠಗಳ ಯತಿಗಳೂ ಭಕ್ತರೂ ನಡುಗಡ್ಡೆಗೆ ಧಾವಿಸಿದರು. ಕೈಯಿಂದ ಕೈಗೆ ಕಲ್ಲು ಸಾಗಿಸಿ, ಚದುರಿದುದನ್ನು ಜೋಡಿಸಿ, ಅತ್ಯಲ್ಪ ಕಾಲದಲ್ಲಿಯೇ ವೃಂದಾವನವನ್ನು ಮತ್ತೆ ನಿಲ್ಲಿಸಿದರು.

ಕೆಡವಿದವರನ್ನು ದೇವರು ಏಕೆ ತಡೆಯಲಿಲ್ಲವೆಂದು ಅಂದು ಎಷ್ಟೋ ಭಕ್ತರು ನೊಂದು ಕೇಳಿರಬಹುದು. ಆ ಪ್ರಶ್ನೆಗೆ ಉತ್ತರ ಸುಲಭವಲ್ಲ. ಸುಲಭವೆಂದು ಹೇಳುವವರನ್ನು ನಾವು ನಂಬುವುದೂ ಇಲ್ಲ. ಒಂದನ್ನು ಮಾತ್ರ ಹೇಳಬಹುದು. ಕೆಡವುವ ಕೈಗೂ ಕಟ್ಟುವ ಕೈಗೂ ಬಲ ಒಂದೇ ಮೂಲದಿಂದ ಬಂದಿತ್ತು. ಆ ಬಲವನ್ನು ಯಾವುದಕ್ಕೆ ಬಳಸಬೇಕೆಂಬುದನ್ನು ಕೈಯುಳ್ಳವರೇ ಗೊತ್ತುಮಾಡಿಕೊಂಡರು. ಅದಕ್ಕಾಗಿಯೇ ಒಬ್ಬರನ್ನು ಅಪರಾಧಿಗಳೆನ್ನುತ್ತೇವೆ, ಇನ್ನೊಬ್ಬರಿಗೆ ಕೈಮುಗಿಯುತ್ತೇವೆ.

ಸರ್ವವೂ ಹರಿಯ ಅಧೀನವೆಂಬ ತತ್ತ್ವವು ವ್ಯಾಸರಾಯರ ಕೈಯಲ್ಲಿ ಸೋಮಾರಿಯ ನೆವವಾಗಲಿಲ್ಲ, ದೊರೆಯ ಡೌಲೂ ಆಗಲಿಲ್ಲ. ಅದು ಪೀಠದ ಮೇಲೆ ಕುಳಿತವನ ಗರ್ವವನ್ನು ಕಳೆಯಿತು. ನೆಲದ ಮೇಲೆ ನಿಂತವನ ಹೊಣೆಯನ್ನು ಹಾಗೆಯೇ ಉಳಿಸಿತು. ರಾಜ್ಯ ತನ್ನದಲ್ಲವೆಂದು ಬಲ್ಲವನು ಅದನ್ನು ಬಿಟ್ಟು ಇಳಿಯಬಲ್ಲ. ಕೆಲಸ ತನ್ನದೆಂದು ಬಲ್ಲವನು ಅದನ್ನು ಬಿಡಲಾರ. ಪರರ ಅಂಗಡಿಯಲ್ಲಿ, ಪರರ ಊರಿನಲ್ಲಿ, ಪರರ ಅಪ್ಪಣೆಯಂತೆ ದುಡಿಯುವ ನಮ್ಮ ಬಾಂಧವರು ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಎಂದಾದರೂ ಎದೆಗುಂದಿದರೆ ಈ ಯತಿಗಳನ್ನು ಸ್ಮರಿಸಬೇಕೆಂದು ನಾವು ವಿನಂತಿಸುತ್ತೇವೆ. ಬೆಳಗಿನ ಮೊದಲ ಗಿರಾಕಿಯ ಎಲೆಗೆ ಬೀಳುವ ಅನ್ನವು ಶುಚಿಯಾಗಿರಬೇಕೋ ಬೇಡವೋ ಎಂಬುದನ್ನು ಯಾವ ಚಕ್ರವರ್ತಿಯೂ ನಿರ್ಣಯಿಸುವುದಿಲ್ಲ. ಬಡಿಸುವ ಕೈ ನಿರ್ಣಯಿಸುತ್ತದೆ.